ಬೋರಲು ಹಾಕಿದ ಚಿತ್ರ

ಆಕೆ ಬ್ರಷ್ಷು ಹಿಡಿಯುತ್ತಿದ್ದದ್ದು ಸೌಟು ಹಿಡಿದ ಹಾಗೆ. ಮುಷ್ಟಿಯೊಳಗೆ ಕಟ್ಟಿ, ಹೆಬ್ಬೆರಳು ಮೇಲಿಟ್ಟು, ಮೊಣಕೈಯಿಂದ ಎಳೆಯುವುದು. ಇಪ್ಪತ್ತಾರು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಚಿತ್ರ ಕಲಿಸುತ್ತಿರುವವಳು ನಾನು. ಯಾವ ಮಗುವಾದರೂ ಬ್ರಷ್ಷನ್ನು ಹಾಗೆ ಹಿಡಿದರೆ ಬೆರಳು ಒಂದೊಂದಾಗಿ ಬಿಡಿಸಿ ಸರಿಮಾಡಿಯೇ ಮುಂದಿನ ಬೆಂಚಿಗೆ ಹೋಗುತ್ತೇನೆ. ಆಕೆಯ ಬೆರಳುಗಳನ್ನು ಮಾತ್ರ ಬಿಡಿಸಲಾಗಲಿಲ್ಲ. ಒಂದು ಸಲ ಕೈ ಚಾಚಿದ್ದೆ. "ಬಿಡ್ರಿ ಟೀಚರಮ್ಮ, ಹಿಂಗೇ ಹಿಡ್ದು ಇಷ್ಟು ಮಂದಿಗೆ ಸಾರು ಬಡಿಸೀನಿ, ಒಂದ್ ಹನಿ ಚೆಲ್ಲಿಲ್ಲ" ಅಂದಳು. ಚೆಲ್ಲುತ್ತಿರಲಿಲ್ಲ, ನಿಜ.

ಆಕೆ ನಮ್ಮ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವಳಾಗಿದ್ದವಳು. ಈ ಶ್ರಾವಣದಲ್ಲಿ ತೀರಿಕೊಂಡಳು. "ಒಂದೇ ಶಾಲೇಲಿ ಇದ್ರಲ್ಲ, ಆಕೆ ಬಗ್ಗೆ ಒಂದೆರಡು ಪುಟ ಬರೀರಿ" ಎಂದು ಮೂರ್ನಾಲ್ಕು ಜನ ಹೇಳಿದರು. ಬರೆಯಲು ಕೂತಾಗ ದುಃಖಕ್ಕಿಂತ ಮುಂಚೆ ಬಂದು ಎದುರಿಗೆ ಕೂತದ್ದು ಹೊಟ್ಟೆಕಿಚ್ಚು. ಅದನ್ನು ಎಬ್ಬಿಸಿ ಆಚೆ ಕಳಿಸಿ ಬರೆದರೆ ನಾನು ಬರೆಯುವುದು ಬೇರೆ ಯಾರದೋ ಚಿತ್ರವಾಗುತ್ತದೆ. ಹಾಗಾಗಿ ಅದು ಅಲ್ಲೇ ಕೂತಿರಲಿ.

ಗುತ್ತೂರಿನವಳು. ಬೆಳಿಗ್ಗೆ ಹರಿಹರಕ್ಕೆ ನಡೆದು ಬಂದು, ಅಲ್ಲಿಂದ ಬಸ್ಸು ಹಿಡಿದು, ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಇಳಿದು, ಎಂಟೂವರೆಗೆ ಅಡುಗೆಮನೆಯ ಬೀಗ ತೆಗೆಯುತ್ತಿದ್ದಳು. ನಾನು ಆವರಗೆರೆಯಿಂದ ಒಂಬತ್ತೂವರೆಗೆ ಬರುವ ಹೊತ್ತಿಗೆ ಬೇಳೆ ಎರಡು ಕುದಿ ಬಂದಿರುತ್ತಿತ್ತು. ಸೆರಗನ್ನು ಎಡಗಡೆ ಸಿಕ್ಕಿಸುತ್ತಿದ್ದಳು, ಬಲಗಡೆ ಒಲೆ ಇರುತ್ತದೆ ಅಂತ. ಕಿವಿಯ ಹಿಂದೆ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು. ಮಾತಿಗಿಂತ ಮುಂಚೆ ನಾಲಗೆಯಿಂದ ಒಂದು ಚಿಟಿಕೆಯಂಥ ಸದ್ದು ಮಾಡುತ್ತಿದ್ದಳು, ಉಪ್ಪು ನೋಡಿದವರ ಹಾಗೆ.

ಆ ಸೀಮೆಸುಣ್ಣದಿಂದಲೇ ನನ್ನ ಸಂಕಟ ಶುರುವಾದದ್ದು. ಬೆಳಿಗ್ಗೆ ಹಾಜರಿ ಎಣಿಕೆ ಹೋದ ಕೂಡಲೇ ಅಡುಗೆಮನೆಯ ಕಪ್ಪು ಬಾಗಿಲ ಮೇಲೆ ಎಷ್ಟು ಮಕ್ಕಳು ಎಂದು ಬರೆಯುವುದು ಪದ್ಧತಿ. ಆಕೆ ಅದರ ಪಕ್ಕಕ್ಕೆ ಅವತ್ತಿನ ತರಕಾರಿಯ ಚಿತ್ರವನ್ನೂ ಬರೆಯುತ್ತಿದ್ದಳು. ಕುಂಬಳಕಾಯಿಯಾದರೆ ಅದಕ್ಕೆ ನಿದ್ದೆ ಬಂದ ಕಣ್ಣು. ನುಗ್ಗೆಕಾಯಿಯಾದರೆ ನಮ್ಮ ಪಿ.ಟಿ. ಮೇಷ್ಟ್ರ ಕಾಲು. ಈರುಳ್ಳಿ ದುಬಾರಿಯಾದ ತಿಂಗಳು ಈರುಳ್ಳಿಗೆ ರೆಕ್ಕೆ ಬರೆದು, ಕೆಳಗೆ ಬಾಯಿ ತೆರೆದುಕೊಂಡು ನೋಡುವ ಒಂದು ಖಾಲಿ ಬಾಣಲೆ. ಮಕ್ಕಳು ಬೆಲ್ ಹೊಡೆಯುವ ಮುಂಚೆ ಅಲ್ಲಿ ಗುಂಪುಗಟ್ಟುತ್ತಿದ್ದರು. ಅದೇ ಕಾರಿಡಾರಿನ ಈ ತುದಿಯಲ್ಲಿ ನಾನು ಬೇಸಿಗೆ ರಜೆಯಿಡೀ ನಿಂತು ಬರೆದ ಗೋಡೆಚಿತ್ರವಿತ್ತು. ಬೆಟ್ಟ, ಸೂರ್ಯ, ನವಿಲು, ಎಲ್ಲ ಲೆಕ್ಕಾಚಾರದಲ್ಲಿ. ಅದಕ್ಕೆ ಒರಗಿಕೊಂಡು ಮಕ್ಕಳು ಆಕೆಯ ಈರುಳ್ಳಿ ನೋಡುತ್ತಿದ್ದರು. ನವಿಲಿನ ಕುತ್ತಿಗೆಯ ಹತ್ತಿರ ಬಣ್ಣ ಸವೆದು ಸುಣ್ಣ ಕಾಣುವಷ್ಟು ಒರಗಿದರು.

ಒಂದು ದಿನ ಒಂಬತ್ತನೇ ತರಗತಿಗೆ ಹೂಜಿ ಮತ್ತು ಮೂರು ಹಣ್ಣು ಇಟ್ಟು ನೋಡಿ ಬರೆಯಲು ಹೇಳಿದೆ. ಏಳು ಮಕ್ಕಳು ಹೂಜಿಗೆ ಕಣ್ಣು ಬರೆದಿದ್ದರು. ನಾನು ಏಳು ಪುಸ್ತಕಕ್ಕೂ ಕೆಂಪು ಗುರುತು ಹಾಕಿದೆ. ಹಾಕುವಾಗ ಹೂಜಿಯ ಕಣ್ಣು ನನ್ನನ್ನೇ ನೋಡುತ್ತಿತ್ತು.

ಐದು ವರ್ಷದ ಹಿಂದೆ ಒಂದು ಸುದ್ದಿ ಹಬ್ಬಿತು. ಊರ ಹೊರಗೆ ಎಲ್ಲೋ ಒಂದು ದೊಡ್ಡ ಅಡುಗೆಮನೆ ಆಗುತ್ತದಂತೆ, ಅಲ್ಲೇ ಯಂತ್ರದಲ್ಲಿ ಬೇಯಿಸಿ ಎಲ್ಲ ಶಾಲೆಗೂ ಟೆಂಪೋದಲ್ಲಿ ಊಟ ಕಳಿಸುತ್ತಾರಂತೆ, ಶಾಲೆಯ ಅಡುಗೆಮನೆಗಳಿಗೆ ಬೀಗವಂತೆ. ದಾವಣಗೆರೆ, ಹರಿಹರ ಎರಡೂ ಕಡೆಯ ಅಡುಗೆಯ ಹೆಣ್ಣುಮಕ್ಕಳು ಸೇರಿ ಮೆರವಣಿಗೆ ಮಾಡುವುದೆಂದಾಯಿತು. ಆಕೆ ನನ್ನ ಚಿತ್ರಕಲಾ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು.

"ಟೀಚರಮ್ಮ, ನಿಮ್ಮ ಹಳೇ ಚಾರ್ಟು ಬೀರು ಹಿಂದ ಬಿದ್ದಾವಲ್ಲ, ಕೊಡ್ತೀರೇನ್ರಿ?"

"ಯಾಕ?"

"ಹಿಂದ್ಲಾಕಡೆ ಬಿಳೀ ಐತೆ. ಹಿಡ್ಕಂಡು ಹೋಗಾಕ ಏನಾರ ಬರಿಯಾಣ ಅಂತ."

ತರಗತಿಗೆ ದೊಡ್ಡ ಟಿ.ವಿ. ಬಂದ ಮೇಲೆ ನನ್ನ ಚಾರ್ಟುಗಳನ್ನು ಯಾರೂ ಕೇಳುತ್ತಿರಲಿಲ್ಲ. ಬಟ್ಟೆ ಅಂಟಿಸಿದ ದಪ್ಪ ಹಾಳೆಗಳು. ಹೂವಿನ ಭಾಗಗಳು, ಹೃದಯ, ಭೂಮಿಯ ಪದರಗಳು. ಅವುಗಳಲ್ಲಿ ಒಂದು ಜೀರ್ಣಾಂಗವ್ಯೂಹ. ಕೆಲಸಕ್ಕೆ ಸೇರಿದ ವರ್ಷ ಮೂರು ವಾರ ಕೂತು ಬರೆದದ್ದು. ಜಿಲ್ಲಾ ಬೋಧನೋಪಕರಣ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿತ್ತು. ಜಠರದ ಒಳಗಿನ ಮಡಿಕೆಗಳನ್ನು ಒಂದೊಂದು ಕೂದಲೆಳೆಯಲ್ಲಿ ತೋರಿಸಿದ್ದೆ. ಬಲಗಡೆ ಕೆಳಮೂಲೆಯಲ್ಲಿ ನನ್ನ ಹೆಸರಿನ ಎರಡಕ್ಷರ.

ಕೊಟ್ಟೆ. ರದ್ದಿಗೆ ಹೋಗುವುದಕ್ಕಿಂತ ಇದು ವಾಸಿ ಎಂದು ಕೊಟ್ಟೆ. ಮತ್ತೆ, ನಿಜ ಹೇಳಬೇಕೆಂದರೆ, ಆ ಸೊಟ್ಟ ಗೆರೆಗಳು ಅಷ್ಟು ದೊಡ್ಡ ಹಾಳೆಯ ಮೇಲೆ, ಊರ ಮುಂದೆ, ಹೇಗೆ ನಗೆಪಾಟಲಾಗುತ್ತವೆ ನೋಡೋಣ ಎಂದೂ ಕೊಟ್ಟೆ.

ಮಕ್ಕಳ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಹಾಸಿಕೊಂಡು ಬರೆಯುತ್ತಿದ್ದಳು. ಬಣ್ಣವೆಂದರೆ ಗೋಡೆಗೆ ಬಳಿದು ಉಳಿದ ಡಿಸ್ಟೆಂಪರು, ಮಸಿ, ಅರಿಸಿನ. ಬಣ್ಣ ಹಾಳೆಗೆ ಹಿಡಿಯಲು ಅನ್ನ ಬಸಿದ ಗಂಜಿ. ಆಕೆಯ ಜತೆ ಅಡುಗೆಗೆ ಹನುಮಕ್ಕ ಎಂಬಾಕೆ ಇದ್ದಳು, ಗಟ್ಟಿ ಗಂಟಲಿನ ಹೆಂಗಸು. ಅವಳು ಗಂಜಿ ಕಲಸಿ ಕೊಡುವವಳು. ಒಣಗಲೆಂದು ಮೊದಲ ಹಾಳೆಯನ್ನು ಕಾಂಪೌಂಡಿಗೆ ಒರಗಿಸಿಟ್ಟಾಗ ಒಂದು ಬೀದಿ ಆಕಳು ಬಂದು ಅರ್ಧ ಪೋಸ್ಟರು ತಿಂದು ಹೋಯಿತು. ಹನುಮಕ್ಕ ಕೋಲು ಹಿಡಿದು ಓಡಿದಳು. ಈಕೆ ಕೂತಲ್ಲೇ ನಕ್ಕಳು. "ತಿನ್ಲಿ ಬಿಡೇ. ಒಂದಕ್ಕಾರ ರುಚಿ ಹತ್ತೈತಲ್ಲ, ನಮ್ಮ ಬೇಡಿಕೆ!"

ನಾನು ನೋಡಲು ಹೋಗುತ್ತಿದ್ದೆ. ನೀರು ಕುಡಿಯುವ ನೆಪದಲ್ಲಿ. ಒಂದು ಹಾಳೆಯಲ್ಲಿ ಟೆಂಪೋದ ಸ್ಟೇರಿಂಗ್ ಹಿಡಿದ ಒಂದು ದೊಡ್ಡ ಕುಕ್ಕರು, ಅದರ ಸೀಟಿಯಿಂದ ಬೀಗಗಳು ಹಾರುತ್ತಿದ್ದವು. ಇನ್ನೊಂದರಲ್ಲಿ ಒಂದು ದೊಡ್ಡ ಹಂಡೆ, ಸುತ್ತ ಬರೇ ಕೈಗಳು.

"ಈ ಕೈಗೆ ಆರು ಬೆರಳು ಆಗ್ಯಾವೆ" ಅಂದೆ.

ನಾಲಗೆಯ ಚಿಟಿಕೆ. "ಇರ್ಲಿ ಬಿಡ್ರಿ. ಇಷ್ಟು ಮಂದಿಗೆ ಅಡುಗಿ ಮಾಡಾಕ ಐದು ಎಲ್ಲಿ ಸಾಲ್ತಾವು."

"ಅಕ್ಷರ ಕಡಿಮೆ ಆಯ್ತು. ಏನು ಬೇಡಿಕೆ ಅಂತ ಪೂರ್ತಿ ಬರೀಬೇಕಲ್ಲ?"

"ಓದಾಕ ಯಾರು ನಿಂದ್ರುತಾರ್ರಿ? ಪಿ.ಬಿ. ರೋಡಿನಾಗ ಬೈಕ್ನೋನು ಕಾಲು ಕೆಳಗ ಊರಿದ ಅಂದ್ರೆ ನನ್ನ ಚಿತ್ರ ಪಾಸು. ಊರ್ಲಿಲ್ಲ ಅಂದ್ರೆ ಫೇಲು. ನಿಮ್ಮಂಗೆ ಮಾರ್ಕ್ಸ್ ಇಲ್ಲ ನಮ್ದು."

ನನ್ನ ಚಿತ್ರಗಳಿಗೆ ಬಂದ ಮಾರ್ಕ್ಸುಗಳನ್ನೆಲ್ಲ ನಾನು ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಅವತ್ತು ಮನೆಗೆ ಹೋಗಿ ಅದನ್ನು ತೆಗೆದು ನೋಡಿದೆ. ಒಬ್ಬ ಮನುಷ್ಯನಾದರೂ ನನ್ನ ಚಿತ್ರದ ಮುಂದೆ ಗಾಡಿ ನಿಲ್ಲಿಸಿದ್ದು ಅದರಲ್ಲಿ ಎಲ್ಲೂ ದಾಖಲಾಗಿರಲಿಲ್ಲ.

ಮೆರವಣಿಗೆಯ ದಿನ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹೋದೆ. ಸರ್ಕಾರಿ ನೌಕರಳು, ಧರಣಿಯ ಹತ್ತಿರ ಕಾಣಿಸಿಕೊಳ್ಳುವಂತಿಲ್ಲ. ಜಯದೇವ ವೃತ್ತದ ಈಚೆ ಒಂದು ಔಷಧಿ ಅಂಗಡಿಯ ನೆರಳಲ್ಲಿ ಕೊಡೆ ಬಿಚ್ಚಿಕೊಂಡು ನಿಂತೆ.

ಅಲ್ಲಿ ನಡೆದ ತಪ್ಪು ಅಡುಗೆಯವರಿಗೆ ಮಾತ್ರ ಆಗುವಂಥದು. ತೊಳೆದ ತಟ್ಟೆಯನ್ನು ಧೂಳು ಬೀಳದ ಹಾಗೆ ಬೋರಲು ಒಟ್ಟುವುದು ಅವರ ಕೈಗೆ ಹತ್ತಿದ ಅಭ್ಯಾಸ. ಆಕೆ ಪೋಸ್ಟರುಗಳನ್ನೂ ಹಾಗೇ, ತಾನು ಬರೆದ ಮುಖ ಕೆಳಗೆ ಮಾಡಿ, ಬೋರಲು ಒಟ್ಟಿ ಹಗ್ಗ ಕಟ್ಟಿ ಆಟೋದಲ್ಲಿ ತಂದಿದ್ದಳು. ವೃತ್ತದಲ್ಲಿ ಗಡಿಬಿಡಿ. ಹೆಂಗಸರು ಮೇಲೆ ಕಂಡದ್ದೇ ಮುಖವೆಂದುಕೊಂಡು ಒಂದೊಂದು ಎತ್ತಿಕೊಂಡು ಸಾಲಿಗೆ ನಿಂತುಬಿಟ್ಟರು. ಹಂಡೆಯ ಚಿತ್ರ ಹನುಮಕ್ಕನ ಕೈಗೆ ಬಂದಿತ್ತು. ಅವಳು ಎಲ್ಲರಿಗಿಂತ ಎತ್ತರ, ಸಾಲಿನ ಮುಂದೆ ನಿಂತಳು. ಅವಳ ತಲೆಯ ಮೇಲೆ ಊರಿಗೆ ಕಂಡದ್ದು ಹಂಡೆಯಲ್ಲ, ನನ್ನ ಜೀರ್ಣಾಂಗವ್ಯೂಹ.

ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು, ನನ್ನ ಕೈಯಕ್ಷರದಲ್ಲಿ, ನಡುರಸ್ತೆಯಲ್ಲಿ.

ಆಕೆ ಸಾಲಿನ ಹಿಂದಿನಿಂದ ಅದನ್ನು ಕಂಡಳು. "ಅಯ್ಯ, ತಿರುಗ್ಸ್ರೇ, ಎಲ್ಲಾ ತಿರುಗ್ಸ್ರೇ! ನಿಂದು ಹೂವಿನ ಚಾರ್ಟೈತಲ್ಲೇ, ಮದುವಿಗೆ ಹೊಂಟೀಯೇನು?" ಎಂದು ಒಬ್ಬೊಬ್ಬರದನ್ನೂ ತಿರುಗಿಸುತ್ತ ಓಡಿ ಬಂದಳು. ಹೃದಯ ತಿರುಗಿತು. ಭೂಮಿ ತಿರುಗಿತು. ಹನುಮಕ್ಕನ ಹತ್ತಿರ ಬಂದವಳು ಕೈ ಎತ್ತಿದಳು, ಹಾಗೇ ನಿಂತಳು. ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಅದನ್ನೊಂದನ್ನು ತಿರುಗಿಸದೆ ಬಿಟ್ಟಳು.

ಮೈಕು ಹಿಡಿದಿದ್ದ ಸಂಘದ ಹೆಂಗಸಿಗೆ ಏನು ಹೇಳಿದಳೋ, ಆ ಹೆಂಗಸು ಚಾರ್ಟಿಗೆ ಕೈ ತೋರಿಸಿ ಕೂಗಿದಳು. "ನೋಡ್ರಿ ದಾವಣಗೇರಿ ಮಂದಿ! ಇದು ಮಕ್ಕಳ ಹೊಟ್ಟೆ. ಇದರೊಳಗ ಒಂದು ಅಗುಳಾರ ಐತೇನ್ರಿ? ಇದಕ್ಕ ಬಿಸಿ ಅನ್ನ ಹಾಕೋ ಕೈ ಬ್ಯಾಡ ಅಂತಾರ್ರಿ!"

ನಾನು ಜಠರವನ್ನು ಖಾಲಿ ಬರೆದದ್ದು ಮಡಿಕೆಗಳು ಕಾಣಲಿ ಎಂದು. ಊರಿಗೆ ಕಂಡದ್ದು ಹಸಿವು. ನನ್ನ ಮುಂದೆ, ಔಷಧಿ ಅಂಗಡಿಯ ಎದುರು, ಒಬ್ಬ ಬೈಕಿನವನು ಕಾಲು ಊರಿ ನಿಂತ. ಅವನ ಹಿಂದೆ ಇನ್ನೊಬ್ಬ. ಪೇಪರಿನವನು ಫೋಟೋ ಹೊಡೆದ. ನನಗೆ ಓಡಿ ಹೋಗಿ ಅವನ ತೋಳು ಹಿಡಿದು "ಅದು ನಂದು" ಅನ್ನಬೇಕೆನಿಸಿತು. ಕೊಡೆಯನ್ನು ಇನ್ನೂ ಕೆಳಗೆ ಇಳಿಸಿಕೊಂಡೆ.

ಮರುದಿನ ಪೇಪರಿನಲ್ಲಿ ಬಂತು. ಚಿತ್ರದ ಕೆಳಗೆ ಆಕೆಯ ಹೆಸರು, "ಅಡುಗೆ ಮಾಡುವ ಕೈಯ ಕಲೆ" ಎಂಬ ಸಾಲು. ಸ್ಟಾಫ್ ರೂಮಿನಲ್ಲಿ ಎಲ್ಲರ ಫೋನಿನಲ್ಲೂ ಅದೇ. "ಎಷ್ಟು ನೀಟಾಗಿ ಬರ್ದಾಳೆ ನೋಡ್ರಿ ಮೇಡಂ, ಕಲಿಯದೇ ಇದ್ರೂ!" ಎಂದು ಕನ್ನಡ ಮೇಷ್ಟ್ರು ನನಗೇ ತೋರಿಸಿದರು. ಹೌದು ಎಂದೆ.

ಹನ್ನೊಂದು ಗಂಟೆಗೆ ಹೆಡ್ ಮಾಸ್ಟರು ಕರೆಸಿದರು. ಮೇಲಿನ ಕಚೇರಿಯಿಂದ ಫೋನು ಬಂದಿತ್ತು. ಶಾಲೆಯ ಬೋಧನೋಪಕರಣ ಧರಣಿಗೆ ಹೋದದ್ದು ಹೇಗೆ, ಇದರಲ್ಲಿ ಯಾವ ನೌಕರರ ಕೈ ಇದೆ, ಸಂಜೆಯೊಳಗೆ ವರದಿ ಬೇಕು ಎಂದು. ನಮ್ಮ ಹೆಡ್ ಮಾಸ್ಟರು ಕೆಟ್ಟ ಮನುಷ್ಯರಲ್ಲ. ನಿವೃತ್ತಿಗೆ ಹತ್ತಿರವಿದ್ದರು, ಗಲಾಟೆ ಬೇಡ ಅನ್ನುವವರು.

"ಮೇಡಂ, ಇದು ನಿಮ್ಮ ಕೈ ಇದ್ದಂಗೆ ಕಾಣ್ತದಲ್ಲ?"

ನಾನು ಕಿಟಕಿ ನೋಡಿದೆ. ಆಗಿನ್ನೂ ನನಗೆ ಒಂಬತ್ತು ವರ್ಷ ಸರ್ವಿಸು ಬಾಕಿ ಇತ್ತು. ಮನೆಗೆ ಆಗ ನನ್ನದೊಂದೇ ಸಂಬಳ. ನನ್ನದು ಎಂದರೆ ಅಮಾನತು, ಇಲ್ಲವೆಂದರೆ ಸುಳ್ಳು. ಎರಡನ್ನೂ ಹೇಳದೆ ನಿಂತೆ.

ಅಷ್ಟರಲ್ಲಿ ಆಕೆ ಬಂದಳು, ಸುರುಳಿ ಸುತ್ತಿದ ಚಾರ್ಟು ಕಂಕುಳಲ್ಲಿ. ಕೈ ಸೆರಗಿಗೆ ಒರೆಸಿಕೊಂಡು ಮೇಜಿನ ಮೇಲೆ ಬಿಚ್ಚಿ ಹಾಸಿದಳು. ನನ್ನ ಕಣ್ಣು ಮೊದಲು ಹೋದದ್ದು ಬಲಗಡೆಯ ಕೆಳಮೂಲೆಗೆ. ನನ್ನ ಎರಡಕ್ಷರ ಇದ್ದಲ್ಲಿ ಒಂದು ಹಸಿಮೆಣಸಿನಕಾಯಿ. ಬಣ್ಣ ಇನ್ನೂ ಒಣಗಿರಲಿಲ್ಲ.

"ಇದು ಯಾರು ಬರ್ದಿದ್ದು?" ಹೆಡ್ ಮಾಸ್ಟರು ಕೇಳಿದರು.

"ನಾನೇ ರೀ ಸಾರ್."

"ಸುಳ್ಳು ಹೇಳಬ್ಯಾಡ. ಈ ಅಕ್ಷರ ನಿಂದೇನು?"

"ಪುಸ್ತಕ ನೋಡ್ಕಂಡು ಬರ್ದೆ ಸಾರ್. ರದ್ದಿ ಹಾಳಿ ಅಂತ ಯಾರನ್ನೂ ಕೇಳ್ದೆ ತಗಂಡೆ, ತಪ್ಪಾತು. ಟೀಚರಮ್ಮಗ ಇದು ಗೊತ್ತೂ ಇಲ್ಲ."

"ಹಂಗಾದ್ರೆ ಬರಿ ಇಲ್ಲಿ. ನನ್ನ ಕಣ್ಣ ಮುಂದೆ ಬರಿ, ನಂಬ್ತೀನಿ."

ಆಫೀಸಿನಲ್ಲಿ ತರಗತಿವಾರು ಮಕ್ಕಳ ಸಂಖ್ಯೆ ಬರೆಯುವ ಕಪ್ಪು ಹಲಗೆ ಇದೆ. ಅದರ ಅರ್ಧವನ್ನು ಆಕೆ ಮೊಣಕೈಯಿಂದ ಒರೆಸಿದಳು. ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು ಮುಷ್ಟಿಯಲ್ಲಿ ಹಿಡಿದಳು. ಈಗ ಸಿಕ್ಕಿಬೀಳುತ್ತಾಳೆ ಎಂದುಕೊಂಡೆ. ಭಯದ ಜತೆ ಒಂದು ಸಂತೋಷವೂ ಬಂತು, ಅದನ್ನು ಮುಚ್ಚಿಡುವುದಿಲ್ಲ.

ಮೇಲಿನಿಂದ ಕೆಳಕ್ಕೆ ಒಂದೇ ಗೆರೆ ಎಳೆದಳು. ಜೋಲುವ ಒಂದು ಚೀಲ. ಅದರ ಕೆಳಗೆ ಚಕ್ಕುಲಿ ಒತ್ತಿದ ಹಾಗೆ ಕರುಳು, ಸುತ್ತಿ ಸುತ್ತಿ. ಯಕೃತ್ತು ಮರೆತೇಹೋಗಿತ್ತು. ದೊಡ್ಡ ಕರುಳು ಎಲ್ಲೋ ಶುರುವಾಗಿ ಎಲ್ಲೋ ಮುಗಿದಿತ್ತು. ಪರೀಕ್ಷೆಯಾಗಿದ್ದರೆ ನಾನು ಹತ್ತಕ್ಕೆ ಎರಡು ಕೊಡುತ್ತಿದ್ದೆ. ಮುಗಿಯಿತು ಎನ್ನುವಷ್ಟರಲ್ಲಿ ಹೊರಗಿನಿಂದ ಎರಡು ಕೈ ತಂದು ಆ ಹೊಟ್ಟೆಯನ್ನು ಒತ್ತಿ ಹಿಡಿಸಿದಳು, ಹಸಿದ ಮಕ್ಕಳು ಬೆಳಿಗ್ಗೆ ಪ್ರಾರ್ಥನೆಯಲ್ಲಿ ಹಿಡಿದುಕೊಳ್ಳುವ ಹಾಗೆ. ಚಿಕ್ಕ ಕೈಗಳು. ಒಂದಕ್ಕೆ ಬೆರಳು ನಾಲ್ಕೇ.

ಹೆಡ್ ಮಾಸ್ಟರು ಕನ್ನಡಕ ತೆಗೆದರು. ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿದರು. ಮೇಜಿನ ಮೇಲಿನ ನನ್ನ ಚಾರ್ಟಿನ ಕಡೆ ನೋಡಲೇ ಇಲ್ಲ. "ಸಾಕು, ಹೋಗು. ಅನ್ನ ಸೀದೀತು" ಅಂದರು.

"ಸೀಯಲ್ಲ ಸಾರ್, ಇಳ್ಸಿ ಬಂದೀನಿ."

ಆ ಕೋಣೆಯಲ್ಲಿ ನಾನು ಯಾಕೆ ಬಾಯಿ ಬಿಡಲಿಲ್ಲ ಎಂದು ಐದು ವರ್ಷ ನನಗೆ ನಾನೇ ಹೇಳಿಕೊಂಡದ್ದು ಕೆಲಸದ ಭಯ ಎಂದು. ಅದು ಅರ್ಧ ಮಾತ್ರ. ನನ್ನದು ಎನ್ನಬೇಕಿದ್ದರೆ ಆ ಹಲಗೆಯ ಮುಂದೆ ನಿಂತು ಅನ್ನಬೇಕಿತ್ತು. ನನ್ನ ಜಠರಕ್ಕೆ ಬಹುಮಾನ ಬಂದಿತ್ತು, ಆದರೆ ಅದು ಯಾರ ಹೊಟ್ಟೆಯೂ ಆಗಿರಲಿಲ್ಲ. ಆಕೆಯದು ಯಾರದೆಂದು ನೋಡಿದವರಿಗೆ ಗೊತ್ತಾಗುತ್ತಿತ್ತು.

ಶಾಲೆಯ ಸಾಮಾನು ಕೇಳದೆ ತೆಗೆದುಕೊಂಡದ್ದಕ್ಕೆ ಆಕೆಯಿಂದ ತಪ್ಪೊಪ್ಪಿಗೆ ಬರೆಸಿಕೊಂಡು, ಚಾರ್ಟನ್ನು ರದ್ದಿಯೆಂದು ಆಕೆಗೇ ಬಿಟ್ಟರು. ಮುಖ್ಯ ಅಡುಗೆಯ ಸ್ಥಾನ ಹನುಮಕ್ಕನಿಗೆ ಹೋಯಿತು. ಆಕೆ ಸಹಾಯಕಿಯಾಗಿ ಹಂಡೆ ತಿಕ್ಕಲು ಕೂತಳು. ದೊಡ್ಡ ಅಡುಗೆಮನೆಯ ವಿಚಾರ ಅಷ್ಟಕ್ಕೇ ನಿಂತಿತು. ನಮ್ಮ ಶಾಲೆಯ ಒಲೆ ಆರಲಿಲ್ಲ. ಬಾಗಿಲ ಮೇಲೆ ತರಕಾರಿ ಬರೆಯುವುದು ಮಾತ್ರ ನಿಂತಿತು, ಅದು ಮುಖ್ಯ ಅಡುಗೆಯವರ ಕೆಲಸವಂತೆ. ಹನುಮಕ್ಕ ಬರೇ ಸಂಖ್ಯೆ ಬರೆಯುತ್ತಿದ್ದಳು.

ಒಂದು ವಾರದ ಮೇಲೆ ನಲ್ಲಿಯ ಹತ್ತಿರ ಸಿಕ್ಕಳು. ಮೊಣಕೈವರೆಗೆ ಬೂದಿ.

"ಟೀಚರಮ್ಮ, ಮೆಣಸಿನಕಾಯಿ ಚೆಂದ ಬಂದಿತ್ತೇನ್ರಿ?"

ಥ್ಯಾಂಕ್ಸ್ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು, "ತೊಟ್ಟು ಸೊಟ್ಟ ಆಗಿತ್ತು."

ಆಕೆ ನಕ್ಕು ಮತ್ತೆ ತಿಕ್ಕಲು ಶುರುಮಾಡಿದಳು.

ಆಮೇಲೆ ಆಕೆಯ ಹೆಸರು ನಡೆಯಿತು. ಪೌರಕಾರ್ಮಿಕರು ಕರೆದರು, ಕಾಲುವೆ ನೀರಿಗೆ ಕೂತ ರೈತರು ಕರೆದರು, ರಾಣೆಬೆನ್ನೂರಿನಿಂದಲೂ ಕರೆದರು. ಭಾನುವಾರಗಳಂದು ಹರಿಹರದಲ್ಲಿ ಹೊಳೆಯ ಹತ್ತಿರ ಒಂದು ಛಾವಣಿಯ ಕೆಳಗೆ ಹತ್ತಿಪ್ಪತ್ತು ಹೆಂಗಸರನ್ನು ಕೂರಿಸಿಕೊಂಡು ಬರೆಸುತ್ತಿದ್ದಳು. "ನೀವೂ ಬರ್ರಿ ಟೀಚರಮ್ಮ. ಬೆರಳು ಎಣಿಸೋರು ಒಬ್ರು ಬೇಕು ನಮಗೆ" ಎಂದು ಎಷ್ಟು ಸಲ ಕರೆದಳೋ. ಭಾನುವಾರ ನನಗೆ ಮನೆಗೆಲಸ ಎಂದೆ. ಭಾನುವಾರ ನಾನು ಮನೆಯಲ್ಲಿ ಕೂತು ಫೋನಿನಲ್ಲಿ ಅವರ ಪೋಸ್ಟರುಗಳ ಫೋಟೋ ಹಿಗ್ಗಿಸಿ ತಪ್ಪು ಹುಡುಕುತ್ತಿದ್ದೆ. ಸಿಗುತ್ತಿದ್ದವು. ಸಿಕ್ಕ ಮೇಲೂ ನೋಡುತ್ತಲೇ ಇರುತ್ತಿದ್ದೆ. ಎಲ್ಲ ಸಭೆಯಲ್ಲೂ ನನ್ನ ಚಾರ್ಟು ನಡುವೆ ಇರುತ್ತಿತ್ತು, ಆಕೆಯದೆಂದು.

ಜ್ವರವೆಂದು ಮಲಗಿದವಳು ಹದಿನೈದು ದಿನಕ್ಕೆ ಹೋದಳು. ಹರಿಹರದ ಒಂದು ಸಮುದಾಯ ಭವನದಲ್ಲಿ ನುಡಿನಮನ ಇಟ್ಟರು. ಶಾಲೆಯ ಪರವಾಗಿ ನಾನು ಮಾತಾಡಬೇಕೆಂದರು. ನಮ್ಮ ಮನೆಯವರು ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ತಿರುವಿದೆ. ಸತ್ಯ ಹೇಳಿ ಹಗುರಾಗಬೇಕೆಂದಲ್ಲ. ಆಕೆಗೆ ಅಷ್ಟೊಂದು ಇತ್ತು, ನನ್ನದೊಂದು ನನಗೆ ವಾಪಸು ಬೇಕಿತ್ತು.

ಭವನದ ತುಂಬ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಪೋಸ್ಟರು ತೂಗುಬಿಟ್ಟಿದ್ದರು. ನಡುವೆ ಜೀರ್ಣಾಂಗವ್ಯೂಹ. ಮೈಕಿನ ಮುಂದೆ ನಿಂತು ಆಕೆಯ ಬೇಳೆಸಾರಿನ ಬಗ್ಗೆ, ಸೀಮೆಸುಣ್ಣದ ಬಗ್ಗೆ ಎರಡು ಮಾತು ಹೇಳಿದೆ. ಆಮೇಲೆ ಅಂದೆ, "ನಡುವಿನ ಆ ಚಿತ್ರ ಆಕೆಯದಲ್ಲ. ಅದು ನನ್ನದು. ನಾನು ಬರೆದದ್ದು."

ನಾನು ಮುಖ ಎತ್ತಲಿಲ್ಲ.

ಹಿಂದಿನಿಂದ ಹನುಮಕ್ಕನ ಗಂಟಲು ಬಂತು. "ಅದೇನ್ ಹೊಸಾ ಸುದ್ದಿನೇನ್ರಿ ಟೀಚರಮ್ಮ?"

ಯಾರೋ ಕಿಸಕ್ಕೆಂದರು.

"ಅಕಿ ಜನ್ಮದಾಗ ಅಷ್ಟು ನೆಟ್ಟಗ ಗೆರಿ ಎಳ್ದಾಳೇನ್ರಿ? ನಮಗ ಕಣ್ಣಿಲ್ಲೇನು? ಟೀಚರಮ್ಮನ ನೌಕರಿ ಐತೆ, ನೀವ್ಯಾರೂ ಬಾಯಿ ಬಿಡಬ್ಯಾಡ್ರಿ ಅಂತ ಎಲ್ರ ಹತ್ರ ಆಣಿ ಹಾಕಿಸ್ಕಂಡಿದ್ಲು. ಅವ್ರಾಗೇ ಹೇಳಿದ್ರೆ ಹೇಳ್ಲಿ ಅಂದಿದ್ಲು. ಈಗ ಹೇಳಿದ್ರಿ, ಚೆಂದಾತು."

ಅವಳು ಎದ್ದು ಬಂದು, ಎರಡು ಕ್ಲಿಪ್ಪು ತೆಗೆದು, ಚಾರ್ಟನ್ನು ಸುರುಳಿ ಸುತ್ತಿ ನನ್ನ ಕೈಗಿಟ್ಟಳು.

"ಟೆಂಪೋ ಊಟ ಮತ್ತೆ ಬರೋದೈತಂತೆ. ಸೋಮವಾರ ದಾವಣಗೇರಿಯಾಗ ಧರಣಿ. ಇಷ್ಟು ದಿನ ನಿಮ್ದನ್ನ ನಾವು ಹೊತ್ವಿ. ಈ ಸಲ ನೀವೇ ಹಿಡ್ಕಂಡು ಬರ್ರಿ."

ಕೇಳಿದ್ದು ಸಿಕ್ಕಿತ್ತು. ಸ್ಕೂಟರಿನ ಹಿಂದೆ ಅದನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಬರುವಾಗ ಮನೆಯವರು, "ಇನ್ನೂ ನಾಲ್ಕು ವರ್ಷ ಸರ್ವಿಸ್ ಐತೆ. ತಲಿ ಕೆಟ್ಟೈತೇನು? ಬೀರುವಿನಾಗ ಇಡು ಸುಮ್ನೆ" 
ಅಂದರು. ಸರಿ ಎಂದೆ. ಬೀರುವಿನಲ್ಲಿಟ್ಟೆ. ಭಾನುವಾರ ಮಧ್ಯಾಹ್ನ ಸೊಪ್ಪು ಬಿಡಿಸುತ್ತ ಕೂತಾಗ ಒಂದು ವಿಷಯ ಹೊಳೆದು ಮೈ ಉರಿಯಿತು. ಇದು ಆಕೆಯ ಹೆಸರಿನಲ್ಲಿ ಇದ್ದಷ್ಟು ದಿನ ನಾಲ್ಕೂರು ತಿರುಗಿತು. ನನ್ನ ಹೆಸರಿಗೆ ಬಂದ ದಿನವೇ ಬೀರು ಸೇರಿತು. ಸೊಪ್ಪು ಅಲ್ಲೇ ಬಿಟ್ಟು ಎದ್ದು ರಜೆ ಅರ್ಜಿ ಬರೆದೆ.

ಸೋಮವಾರ ಹೋದೆ. ಕೊಡೆ ಒಯ್ಯಲಿಲ್ಲ, ಎರಡೂ ಕೈ ಬೇಕಿತ್ತು. ಬಟ್ಟೆ ಅಂಟಿಸಿದ ಹಾಳೆ ಇಷ್ಟು ಭಾರವೆಂದು, ಗಾಳಿ ಬಂದರೆ ಮನುಷ್ಯರನ್ನೇ ತಳ್ಳುತ್ತದೆಂದು ಬರೆದವಳಿಗೆ ಗೊತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಭುಜ ಸೋತಿತು. ಹನುಮಕ್ಕ ಪಕ್ಕದಲ್ಲಿ ನಿಂತು, "ಹೊಟ್ಟಿ ಕೆಳಗ ಇಳೀತೈತೆ ಟೀಚರಮ್ಮ, ಎತ್ರಿ" ಎಂದು ರೇಗಿಸುತ್ತಿದ್ದಳು. ನಮ್ಮ ಶಾಲೆಯ ಇಬ್ಬರು ಮೇಷ್ಟ್ರುಗಳು ಬಸ್ಸಿನ ಕಿಟಕಿಯಿಂದ ನನ್ನನ್ನು ನೋಡಿ ಮುಖ ಒಳಗೆ ತೆಗೆದುಕೊಂಡರು.

ಒಬ್ಬ ಪೊಲೀಸಪ್ಪ ಸಣ್ಣ ನೋಟ್‌ಬುಕ್ಕು ಹಿಡಿದು ಸಾಲಿನುದ್ದಕ್ಕೂ ಬರುತ್ತಿದ್ದ. ನನ್ನ ಮುಂದೆ ನಿಂತು ಚಾರ್ಟನ್ನು ಮೇಲಿಂದ ಕೆಳಗೆ ನೋಡಿದ.

"ಇದನ್ನ ಬರ್ದೋರು ಯಾರ್ರೀ?"

ಹೆಡ್ ಮಾಸ್ಟರನ್ನು ಬಿಟ್ಟರೆ ಐದು ವರ್ಷದಲ್ಲಿ ಒಬ್ಬರೂ ನನ್ನನ್ನು ಕೇಳದಿದ್ದ ಪ್ರಶ್ನೆ.

"ನಾನು" ಅಂದೆ. ಹೆಸರು ಹೇಳಿದೆ. ಕೆಲಸ ಕೇಳಿದ. ಸರ್ಕಾರಿ ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕಿ ಎಂದೆ. ಅವನ ಪೆನ್ನು ನಿಂತಿತು. ದನಿ ತಗ್ಗಿಸಿದ.

"ಮೇಡಂ, ಇದು ಮೇಲಕ್ಕೆ ಹೋಗ್ತೈತೆ. ಬರ್ಕಳ್ಳಾ?"

"ಬರ್ಕಳ್ರಿ."

ಬರೆದುಕೊಂಡ. ಸರಿಯಾಗಿ ಬರೆದನೇ ನೋಡೋಣವೆಂದು ನಾನು ಬಗ್ಗಿದೆ, ಮಾಸ್ತರಿಕೆಯ ಅಭ್ಯಾಸ. ಪುಟದ ಮೊದಲ ಸಾಲಿನಲ್ಲಿ ಆಕೆಯ ಹೆಸರಿತ್ತು. ನನ್ನದು ಅದರ ಕೆಳಗೆ.

"ಇವರು ಇವತ್ತು ಎಲ್ಲಿ, ಕಾಣ್ತಿಲ್ಲ?" ಅವನು ಆ ಮೊದಲ ಸಾಲಿಗೆ ಪೆನ್ನಿಟ್ಟು ಸುತ್ತ ನೋಡಿದ. "ಅವರ ಹೆಸರು ಕೇಳೋದೇ ಬೇಕಿಲ್ಲ ನಮಗೆ. ಠಾಣೆ ಬಿಡೋ ಮುಂಚೇನೇ ಬರ್ಕಂಡು ಬಂದುಬಿಡ್ತೀವಿ."

ಶ್ರಾವಣದಲ್ಲಿ ತೀರಿಕೊಂಡರು ಎಂದೆ. ಅವನು ಟೋಪಿ ಸ್ವಲ್ಪ ಹಿಂದಕ್ಕೆ ಸರಿಸಿ, ಪುಟ ನೋಡಿ, ನನ್ನನ್ನು ನೋಡಿದ.

"ಛೆ. ಹೊಡ್ದಾಕ್ಲಾ ಹಂಗಾದ್ರೆ?"

ಅಲ್ಲೂ ಮೊದಲನೆಯ ಸಾಲು ಆಕೆಯದೇ. ಹೊಡೆದುಹಾಕಿದರೆ ನನ್ನದು ಮೇಲೆ ಬರುತ್ತಿತ್ತು.

"ಬ್ಯಾಡ" ಅಂದೆ. "ಬಂದಾರೆ ಅಂತ ಬರ್ಕಳ್ರಿ."